ಸರ್ವರ್ ಅಂದರೆ ಏನು? ಅಕ್ಕನಿಂದ ನಾನು ತಿಳಿದದ್ದು



ಹೋದ ಸಂಚಿಕೆಯಲ್ಲಿ ನಾನು ಜೇನುಹುಳದ ಬಗ್ಗೆ ಬರೆದಿದ್ದೆ. ಈ ಸಲ ಸರ್ವರ್ ಬಗ್ಗೆ ಬರೆಯುತ್ತಿದ್ದೇನೆ. "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಮಾತು ನಮ್ಮೂರಲ್ಲಿ ಎಲ್ಲರೂ ಕೇಳಿದ್ದೇವೆ. ನಾನು ಸಣ್ಣವಳಿದ್ದಾಗ ಸರ್ವರ್ ಅಂದರೆ ಹೋಟೆಲಿನಲ್ಲಿ ದೋಸೆ ತಂದುಕೊಡುವವರು ಅಂದುಕೊಂಡಿದ್ದೆ. ಅವರು ರಜೆ ಹಾಕಿದರೆ ಅಪ್ಪನ ಪಹಣಿ ಯಾಕೆ ನಿಲ್ಲಬೇಕು ಅಂತ ನನಗೆ ಅರ್ಥವೇ ಆಗ್ತಿರಲಿಲ್ಲ.

ನನ್ನ ಅಕ್ಕ ಹಾಸನದಲ್ಲಿ ಬಿಸಿಎ ಕೊನೇ ವರ್ಷ ಓದುತ್ತಿದ್ದಾಳೆ. ಅವಳೂ ನಮ್ಮ ಶಾಲೆಯಲ್ಲೇ ಕನ್ನಡದಲ್ಲಿ ಓದಿದವಳು. ಸರ್ವರಿನಲ್ಲಿ ಕೆಲಸ ಮಾಡುವ ಪ್ರೋಗ್ರಾಂ ಬರೆಯುವುದು ಅವಳಿಗೆ ಒಂದು ವಿಷಯ. ಮೊದಲನೇ ಸೆಮಿಸ್ಟರಿನಲ್ಲಿ ಅವಳಿಗೆ ಒಂದು ಪೇಪರ್ ಹೋಗಿತ್ತು. ಪಾಠವೂ ಇಂಗ್ಲಿಷ್, ಕಂಪ್ಯೂಟರ್ ಬೈಯುವುದೂ ಇಂಗ್ಲಿಷ್. ಆಗ ಅಪ್ಪ "ಸಾಕು, ಮನೆಗೆ ಬಾ" ಅಂದಿದ್ದರು. ಅಕ್ಕ ಬರಲಿಲ್ಲ. 200 ಪುಟದ ಒಂದು ನೋಟ್‌ಬುಕ್ ತಗೊಂಡು, ಕಂಪ್ಯೂಟರ್ ತೋರಿಸಿದ ತಪ್ಪನ್ನು ಎಡಗಡೆ, ಅದರ ಅರ್ಥವನ್ನು ಕನ್ನಡದಲ್ಲಿ ಬಲಗಡೆ ಬರೆಯುತ್ತಾ ಹೋದಳು. ಅದರಲ್ಲಿ ಒಂದು ಕಡೆ ಹೀಗಿದೆ: "ತಪ್ಪು 12ನೇ ಸಾಲಿನಲ್ಲಿದೆ ಅಂದರೆ 11ನೇ ಸಾಲು ನೋಡು. ಕೊನೆಗೆ ಅರ್ಧವಿರಾಮ ಬಿಟ್ಟಿರುತ್ತೀಯ." ಅಂದರೆ ಕಂಪ್ಯೂಟರ್ ಅರ್ಧವಿರಾಮ ಸಿಗದೆ ಮುಂದಿನ ಸಾಲಿಗೆ ಹೋಗಿ ಎಡವುತ್ತದೆ. ಎಡವಿದ ಜಾಗ ಹೇಳುತ್ತದೆಯೇ ಹೊರತು ಕಲ್ಲಿದ್ದ ಜಾಗ ಹೇಳುವುದಿಲ್ಲ. ಈ ಲೇಖನಕ್ಕೆ ನನಗೆ ಆ ನೋಟ್‌ಬುಕ್ಕೇ ಸಹಾಯ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಶಾಲೆಯ ಪುಸ್ತಕದ ಬೀರು ನೆನಪು ಮಾಡಿಕೊಳ್ಳಿ. ಬೀಗದ ಕೈ ಸರ್ ಹತ್ತಿರ ಇರುತ್ತದೆ. ನಾವು ಚೀಟಿಯಲ್ಲಿ ಪುಸ್ತಕದ ಹೆಸರು ಬರೆದು ಕೊಡುತ್ತೇವೆ, ಸರ್ ಬೀರು ತೆಗೆದು ಕೊಡುತ್ತಾರೆ. ನಾವೇ ಬೀರುವಿಗೆ ಕೈ ಹಾಕುವ ಹಾಗಿಲ್ಲ. ಇದರಲ್ಲಿ ಫೋನಿನ ಬ್ರೌಸರ್ ಅಂದರೆ ಚೀಟಿ ಕೊಡುವ ನಾವು, ಡೇಟಾಬೇಸ್ ಅಂದರೆ ಬೀರು, ಸರ್ವರ್ ಅಂದರೆ ಸರ್. ಇಲ್ಲದ ಪುಸ್ತಕ ಕೇಳಿದರೆ ಸರ್ "ಇಲ್ಲ" ಅನ್ನುತ್ತಾರಲ್ಲ, ಅದಕ್ಕೆ ಸರ್ವರ್ 404 ಎಂಬ ಸಂಖ್ಯೆ ಹೇಳುತ್ತದೆ. ಸರ್‌ಗೇ ಹುಷಾರಿಲ್ಲದೆ ಕೆಲಸ ಕೆಟ್ಟರೆ 500 ಅನ್ನುತ್ತದೆ.

ಸರ್ವರ್ ಅನ್ನುವುದು ದೊಡ್ಡ ಕೋಣೆಯಷ್ಟಿರುವ ಯಂತ್ರವೇ ಆಗಬೇಕು ಅಂತಿಲ್ಲ. ಪ್ರಪಂಚದ ಮೊದಲ ವೆಬ್ ಸರ್ವರ್ ಮೇಜಿನ ಮೇಲಿಡುವ ಒಂದು ಕಂಪ್ಯೂಟರ್ ಆಗಿತ್ತು. ಸ್ವಿಟ್ಜರ್ಲೆಂಡಿನ ಜಿನೀವಾ ಹತ್ತಿರದ ಸರ್ನ್ ಎಂಬ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್ ಲೀ ಎಂಬುವರು 1990ರಲ್ಲಿ ಅದನ್ನು ನಡೆಸಿದರು. ಯಾರಾದರೂ ಗೊತ್ತಿಲ್ಲದೆ ಸ್ವಿಚ್ ಆರಿಸಿಬಿಟ್ಟಾರು ಅಂತ, "ಈ ಯಂತ್ರ ಸರ್ವರ್, ಆರಿಸಬೇಡಿ" ಎಂದು ಕೆಂಪು ಇಂಕಿನಲ್ಲಿ ಇಂಗ್ಲಿಷಿನಲ್ಲಿ ಚೀಟಿ ಬರೆದು ಅಂಟಿಸಿದ್ದರು. ನಮ್ಮ ಹೆಡ್‌ಮಾಸ್ಟರ್ ಕೋಣೆಯ ಮೋಟಾರು ಸ್ವಿಚ್ಚಿನ ಮೇಲೆ ಅಂಟಿಸಿದ್ದಾರಲ್ಲ, ಹಾಗೆ!

ಆದರೆ ಆಗಿನ ಸರ್ವರ್ ಸಾಮಾನ್ಯವಾಗಿ ಮೊದಲೇ ಬರೆದಿಟ್ಟ ಪುಟವನ್ನು ಕೇಳಿದವರಿಗೆ ಕೊಡುತ್ತಿತ್ತು. ಅಕ್ಕ ಕಲಿಯುತ್ತಿರುವುದು ಬೇರೆ. ಈಗ ನಾನು ಸರ್ ಹತ್ತಿರ "ಈ ವರ್ಷ ನಾನು ಎಷ್ಟು ಪುಸ್ತಕ ಓದಿದೆ?" ಅಂತ ಕೇಳಿದರೆ ಅಂಥ ಪುಸ್ತಕ ಬೀರುವಿನಲ್ಲಿ ಇಲ್ಲ. ಸರ್ ರಿಜಿಸ್ಟರ್ ತೆಗೆದು, ನನ್ನ ಹೆಸರು ಹುಡುಕಿ, ಎಣಿಸಿ, ಆಗಲೇ ಒಂದು ಹಾಳೆಯಲ್ಲಿ ಬರೆದು ಕೊಡಬೇಕು. ಎಸ್ಎಸ್ಎಲ್‌ಸಿ ಫಲಿತಾಂಶ ಇದೇ ತರಹ. 2024ರಲ್ಲಿ ನಮ್ಮ ರಾಜ್ಯದಲ್ಲಿ 8 ಲಕ್ಷಕ್ಕೂ ಹೆಚ್ಚು ಮಕ್ಕಳು ಪರೀಕ್ಷೆ ಬರೆದಿದ್ದರು. ಅಷ್ಟು ಜನಕ್ಕೆ ಒಂದೊಂದು ಪುಟ ಯಾರೂ ಕೂತು ಬರೆಯುವುದಿಲ್ಲ. ನೋಂದಣಿ ಸಂಖ್ಯೆ ಹೋದಮೇಲೆ ಪ್ರೋಗ್ರಾಂ ಅಂಕ ಹುಡುಕಿ, ಪುಟ ತಯಾರು ಮಾಡಿ ಕಳಿಸುತ್ತದೆ. ಬೆಳಿಗ್ಗೆ ಒಂದೇ ಗಂಟೆಗೆ ಎಲ್ಲರೂ ಚೀಟಿ ಹಿಡಿದು ನಿಂತರೆ ಸರ್ ಏನು ಮಾಡಬೇಕು ಹೇಳಿ? "ಸರ್ವರ್ ಡೌನ್" ಅನ್ನೋದಕ್ಕೆ ಇದೂ ಒಂದು ಕಾರಣ.

ಇದನ್ನು ನಾನು ದಸರಾ ರಜೆಯಲ್ಲಿ ಕಣ್ಣಾರೆ ನೋಡಿದೆ. ಅಕ್ಕ ತನ್ನ ಹಳೇ ಲ್ಯಾಪ್‌ಟಾಪನ್ನೇ ಸರ್ವರ್ ಮಾಡಿದಳು. ಅಮ್ಮನ ಫೋನಿನ ಹಾಟ್‌ಸ್ಪಾಟಿಗೆ ಲ್ಯಾಪ್‌ಟಾಪ್ ಸೇರಿಸಿ, ಫೋನಿನಲ್ಲಿ ಒಂದು ಅಂಕಿಯ ವಿಳಾಸ ಒತ್ತಿದಳು. ಫೋನಿನಲ್ಲಿ ಅಕ್ಕ ಬರೆದ ಪುಟ ಬಂತು! ಅವತ್ತಿನ ಡೇಟಾ ಖಾಲಿಯಾಗಿತ್ತು, ಆದರೂ ಬಂತು. ಯಾಕೆಂದರೆ ಚೀಟಿ ನಮ್ಮ ಜಗುಲಿಯಿಂದ ಹೊರಗೇ ಹೋಗಲಿಲ್ಲ.

ಆ ಪುಟದಲ್ಲಿ ಗಡಿಯಾರ ಇತ್ತು. ಆಗ ರಾತ್ರಿ 7 ಗಂಟೆ. ಫೋನಿನ ಮೇಲ್ಗಡೆ 7 ಗಂಟೆ ಅಂತಲೇ ಇತ್ತು. ಪುಟದಲ್ಲಿ ಮಾತ್ರ ಮಧ್ಯಾಹ್ನ 3:30! ನಾನು "ಅಕ್ಕಾ, ನಿನ್ನ ಪ್ರೋಗ್ರಾಂ ತಪ್ಪು" ಅಂತ ನಕ್ಕೆ. ಅಕ್ಕ ಹುಡುಕಿ ಹುಡುಕಿ ಕೊನೆಗೆ ಕಂಡುಹಿಡಿದಳು. ಅವಳು ಹಾಕಿಕೊಂಡಿದ್ದ ಜಾಂಪ್ ಎಂಬ ತಂತ್ರಾಂಶ ಜರ್ಮನಿಯವರಿಂದ ಶುರುವಾದದ್ದು. ಅದರಲ್ಲಿ ಊರು ಬರ್ಲಿನ್ ಅಂತ ಇತ್ತು. ಬರ್ಲಿನ್ ನಮಗಿಂತ ಅವರ ಬೇಸಿಗೆ ಸಮಯದಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಊರನ್ನು ಕೋಲ್ಕತಾ ಅಂತ ಬದಲಾಯಿಸಿದಾಗ ಗಡಿಯಾರ ಸರಿಹೋಯಿತು. ಆಗ ನನಗೆ ಗೊತ್ತಾಯ್ತು: ಪುಟ ಫೋನಿನಲ್ಲಿ ಕಂಡರೂ ಸಮಯ ನೋಡಿದ್ದು ಫೋನ್ ಅಲ್ಲ, ಸರ್ವರ್. ಇನ್ನೊಂದು ವಿಷಯ, ಆ ಗಡಿಯಾರ ಓಡುತ್ತಲೇ ಇರಲಿಲ್ಲ. ಪುಟವನ್ನು ಮತ್ತೆ ಕೇಳಿದಾಗ ಮಾತ್ರ ಹೊಸ ಸಮಯ ಬರುತ್ತಿತ್ತು. ಸರ್ ಹಾಳೆ ಬರೆದುಕೊಟ್ಟಮೇಲೆ ಹಾಳೆ ತಾನಾಗಿ ಬದಲಾಗುವುದಿಲ್ಲವಲ್ಲ.

ಅಕ್ಕ ಬರೆಯುವ ಭಾಷೆ ಪಿಎಚ್‌ಪಿ. ಅದನ್ನು ಶುರು ಮಾಡಿದವರು ರಾಸ್ಮಸ್ ಲರ್ಡಾರ್ಫ್. ಅವರು ಹುಟ್ಟಿದ್ದು ಹಿಮ ತುಂಬಿದ ಗ್ರೀನ್‌ಲ್ಯಾಂಡಿನಲ್ಲಿ. ತಮ್ಮ ಓದು, ಕೆಲಸದ ವಿವರ ಇದ್ದ ಪುಟವನ್ನು ಯಾರು ಯಾರು ನೋಡುತ್ತಿದ್ದಾರೆ ಅಂತ ತಿಳಿಯುವ ಆಸೆಯಿಂದ 1994ರಲ್ಲಿ ಕೆಲವು ಸಣ್ಣ ಪ್ರೋಗ್ರಾಂ ಬರೆದರು. 1995ರಲ್ಲಿ ಎಲ್ಲರಿಗೂ ಕೊಟ್ಟರು. ಅದೇ ಬೆಳೆದು ಒಂದು ಭಾಷೆ ಆಯಿತು. ಅಕ್ಕ ಬಳಸುವ ಡೇಟಾಬೇಸಿನ ಹೆಸರು ಮೈಎಸ್‌ಕ್ಯುಎಲ್. ಅದನ್ನು ಮಾಡಿದವರಲ್ಲಿ ಫಿನ್ಲೆಂಡಿನ ಮೈಕೆಲ್ ವಿಡೇನಿಯಸ್ ಒಬ್ಬರು. ಅವರು ತಮ್ಮ ಮಗಳ ಹೆಸರನ್ನೇ ಅದಕ್ಕೆ ಇಟ್ಟರು. ಆಮೇಲೆ ಇನ್ನೊಂದು ಡೇಟಾಬೇಸ್ ಮಾಡಿದಾಗ ಸಣ್ಣ ಮಗಳು ಮರಿಯಾಳ ಹೆಸರು ಇಟ್ಟರಂತೆ. ಇಲ್ಲದಿದ್ದರೆ ಮನೆಯಲ್ಲಿ ಜಗಳ ಆಗುತ್ತಿತ್ತು ಅಂತ ನನಗನ್ನಿಸುತ್ತದೆ.

ಸರ್ವರಿಗೆ ಮರೆವು ಜಾಸ್ತಿ. ಒಂದು ಚೀಟಿಗೆ ಉತ್ತರ ಕೊಟ್ಟಮೇಲೆ ಎರಡನೇ ಚೀಟಿ ಕೊಟ್ಟವರು ಅವರೇನಾ ಅಂತ ಅದಕ್ಕೆ ಗೊತ್ತಿರುವುದಿಲ್ಲ. ದೇವಸ್ಥಾನದಲ್ಲಿ ಚಪ್ಪಲಿ ಇಡುವ ಕಡೆ ಟೋಕನ್ ಕೊಡುತ್ತಾರಲ್ಲ, ಅಲ್ಲಿನವರು ನಮ್ಮ ಮುಖ ನೆನಪಿಡುವುದಿಲ್ಲ, ಟೋಕನ್ ನೋಡಿ ಚಪ್ಪಲಿ ಕೊಡುತ್ತಾರೆ. ಸರ್ವರ್ ಕೂಡ ಬ್ರೌಸರಿಗೆ ಇಂಥದ್ದೇ ಟೋಕನ್ ಕೊಡುತ್ತದೆ. ಇದನ್ನು 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಎಂಬುವರು ತಂದರು. ಹೆಸರು ಕುಕೀ, ಅಂದರೆ ಬಿಸ್ಕತ್ತು. ಟೋಕನ್ ಕದ್ದವನು ನಮ್ಮ ಚಪ್ಪಲಿ ಹಾಕಿಕೊಂಡು ಹೋಗಬಹುದು, ಆದ್ದರಿಂದ ಅದನ್ನು ಜೋಪಾನ ಮಾಡಬೇಕು.

ಅಕ್ಕನ ಪ್ರಾಜೆಕ್ಟ್ ಹಾಲಿನ ಲೆಕ್ಕ. ಯಾರು ಎಷ್ಟು ಲೀಟರ್ ಹಾಕಿದರು, ಎಷ್ಟು ದುಡ್ಡು ಬರಬೇಕು ಅಂತ ಫೋನಿನಲ್ಲಿ ನೋಡಬಹುದು. ಇದು ಕಾಲೇಜಿಗೆ ಮಾತ್ರ, ನಮ್ಮ ಡೈರಿಗೆ ಅಲ್ಲ. ಆದರೂ ಲೆಕ್ಕ ತಪ್ಪಬಾರದು ಅಂತ ಅಮ್ಮ ನಮ್ಮ ಕಾರ್ಡು ಕೊಟ್ಟು "ಇದಕ್ಕೆ ತಾಳೆ ನೋಡು" ಅಂದರು. ನಮ್ಮ ಮನೆಗೆ ಹಾಲಿನ ದುಡ್ಡೇ ದಿನಸಿ. ಒಂದು ಲೀಟರ್ ಹೆಚ್ಚುಕಮ್ಮಿ ಆದರೂ ಅಮ್ಮನಿಗೆ ಗೊತ್ತಾಗುತ್ತದೆ.

ಅಕ್ಕ ಚಹಾ ಕುಡಿಯಲು ಎದ್ದಾಗ ನಾನು ಸುಮ್ಮನೆ ಲೀಟರ್ ಎಂಬ ಕಡೆ ಮೈನಸ್ 5 ಅಂತ ಒತ್ತಿದೆ. ಅಮ್ಮನ ಲೆಕ್ಕದಲ್ಲಿ 5 ಲೀಟರ್ ಕಡಿಮೆ ಆಗಿಬಿಡ್ತು! ಹಸುವಿಗೆ ಹಾಲು ವಾಪಸ್ ಕೊಟ್ಟ ಹಾಗೆ. ಅಕ್ಕ ಬೈಯಲಿಲ್ಲ, ನನ್ನ ತಲೆ ಸವರಿದಳು. ಮೈನಸ್ ಒತ್ತಿದರೆ ತಗೊಳ್ಳಬಾರದು ಅಂತ ಪುಟದಲ್ಲಿ ನಿಯಮ ಹಾಕಿದಳು. ಆದರೆ ಕಾಲೇಜಿನಲ್ಲಿ ಅವಳ ಮೇಡಂ ಇದು ಸಾಲದು ಅಂದರಂತೆ. ಯಾಕೆ ಗೊತ್ತಾ? ಪುಟ ಫೋನಿಗೆ ಬಂದಮೇಲೆ ಆ ನಿಯಮವೂ ಫೋನಿನಲ್ಲೇ ಇರುತ್ತದೆ. ಗೊತ್ತಿರುವವರು ಅದನ್ನು ಅಳಿಸಿ ಕಳಿಸಬಹುದು. ಅಕ್ಕ ಬ್ರೌಸರಿನಲ್ಲಿ ಅಳಿಸಿ ತೋರಿಸಿದಳು, ಮತ್ತೆ 5 ಲೀಟರ್ ಹೋಯಿತು. ಚೀಟಿಯಲ್ಲಿ ನಾನು ಬೇರೆಯವರ ಹೆಸರು ಬರೆದುಕೊಟ್ಟರೆ ಸರ್ ಚೀಟಿ ನಂಬದೆ ರಿಜಿಸ್ಟರ್ ನೋಡಬೇಕಲ್ಲವೇ? ಹಾಗೆ ಸರ್ವರಿನಲ್ಲೇ ಪರೀಕ್ಷೆ ಮಾಡಬೇಕು. ಪುಟದಲ್ಲಿರುವ ನಿಯಮ ತಿಳಿಯದೆ ತಪ್ಪು ಮಾಡುವವರಿಗೆ ಮಾತ್ರ.

ಎರಡನೇ ತಪ್ಪು ಇನ್ನೂ ವಿಚಿತ್ರ. ಎಲ್ಲರ ಹೆಸರೂ ಸೇರಿತು, ಡಿ'ಸೋಜ ಎಂಬ ಹೆಸರು ಮಾತ್ರ ಸೇರಲಿಲ್ಲ. ಒತ್ತಿದರೆ ಇಂಗ್ಲಿಷಿನಲ್ಲಿ ಉದ್ದ ಬೈಗುಳ. ಇಂಗ್ಲಿಷಿನಲ್ಲೂ ಆ ಹೆಸರಿನ ಮಧ್ಯೆ ಮೇಲ್ಗಡೆ ಒಂದು ಸಣ್ಣ ಕೊಕ್ಕೆ ಇದೆ ನೋಡಿ. ಡೇಟಾಬೇಸಿಗೆ ಹೆಸರು ಹೇಳುವಾಗ ಹೆಸರಿನ ಹಿಂದೆ ಮುಂದೆ ಅದೇ ಕೊಕ್ಕೆ ಹಾಕಬೇಕು. ಡೇಟಾಬೇಸ್ ಮೊದಲ ಕೊಕ್ಕೆ ಕಂಡು ಹೆಸರು ಶುರು ಅಂದುಕೊಂಡಿತು. "ಡಿ" ಆದಮೇಲೆ ಕೊಕ್ಕೆ ಬಂತಲ್ಲ, ಹೆಸರು ಮುಗಿಯಿತು ಅಂದುಕೊಂಡಿತು. ಉಳಿದ "ಸೋಜ" ಏನೋ ಅಪ್ಪಣೆ ಅಂತ ತಿಳಿದು ಗಾಬರಿಯಾಯಿತು. ಪಾಪ, ಡಿ'ಸೋಜ ಅವರದು ಇದರಲ್ಲಿ ಏನೂ ತಪ್ಪಿಲ್ಲ. ಆದರೆ ಕೆಟ್ಟವರು ಬೇಕೆಂತಲೇ ಕೊಕ್ಕೆ ಹಾಕಿ, ಅದರ ಮುಂದೆ ನಿಜವಾದ ಅಪ್ಪಣೆಯನ್ನೇ ಬರೆದರೆ ಎಲ್ಲರ ಲೆಕ್ಕ ತೆರೆದುಕೊಳ್ಳಬಹುದು, ಅಳಿಸಿಯೂ ಹೋಗಬಹುದು. ಅದಕ್ಕೆ ಅಕ್ಕ ಬ್ಯಾಂಕಿನ ಚಲನ್ ತರಹ ಮಾಡಿದಳು. ಅಪ್ಪಣೆಯನ್ನು ಖಾಲಿ ಜಾಗ ಬಿಟ್ಟು ಮೊದಲೇ ಕಳಿಸುವುದು, ಹೆಸರನ್ನು ಬೇರೆಯಾಗಿ ಕಳಿಸುವುದು. ಆಗ ಖಾಲಿ ಜಾಗದಲ್ಲಿ ಏನೇ ಬರೆದರೂ ಅದು ಹೆಸರು ಅಷ್ಟೇ, ಅಪ್ಪಣೆ ಆಗುವುದಿಲ್ಲ.

ಪಾಸ್‌ವರ್ಡ್ ಬಗ್ಗೆ ಒಂದೇ ಮಾತು. ನನ್ನ ಪಾಸ್‌ವರ್ಡ್ ಬೀರುವಿನಲ್ಲಿ ಹೇಗಿದೆ ಅಂತ ತೆಗೆಸಿ ನೋಡಿದೆ. 60 ಅಕ್ಷರದ ಅರ್ಥವಿಲ್ಲದ ಸಾಲು ಇತ್ತು. ಅದರಿಂದ ಹಿಂದಕ್ಕೆ ಹೋಗಿ ಪಾಸ್‌ವರ್ಡ್ ಓದಲು ಪ್ರೋಗ್ರಾಂ ಬರೆದ ಅಕ್ಕನಿಗೂ ಆಗುವುದಿಲ್ಲ.

ಹೋದ ತಿಂಗಳು ಅಕ್ಕನಿಗೆ ಪ್ರಾಜೆಕ್ಟಿನ ಪರೀಕ್ಷೆ ಆಯಿತು. ಹೊರಗಿನಿಂದ ಬಂದ ಸರ್ ಮೈನಸ್ ಒತ್ತಲಿಲ್ಲ, ಕೊಕ್ಕೆಯನ್ನೂ ಹಾಕಲಿಲ್ಲ. "ಒಂದೇ ಲೆಕ್ಕಕ್ಕೆ ಇಬ್ಬರು ಒಂದೇ ಕ್ಷಣದಲ್ಲಿ ಹಾಲು ಬರೆದರೆ ಏನಾಗುತ್ತದೆ?" ಅಂತ ಕೇಳಿದರಂತೆ. ಅಕ್ಕನಿಗೆ ಉತ್ತರ ಬರಲಿಲ್ಲ. ಪಾಸಾದಳು, ಆದರೆ ಅಂದುಕೊಂಡಷ್ಟು ಅಂಕ ಬರಲಿಲ್ಲ. ಬಸ್ಸಿಳಿದು ಮನೆಗೆ ಬಂದವಳು ಊಟವನ್ನೂ ಸರಿಯಾಗಿ ಮಾಡದೆ ಹಾಳೆಯ ಮೇಲೆ ಬರೆಯುತ್ತಾ ಕೂತಳು. ಆಮೇಲೆ ನನ್ನನ್ನು ಕರೆದು ಹೇಳಿದಳು.

ಲೆಕ್ಕದಲ್ಲಿ 100 ಲೀಟರ್ ಇದೆ ಅನ್ನಿ. ಅಮ್ಮ 5 ಸೇರಿಸುತ್ತಾರೆ, ಅದೇ ಹೊತ್ತಿಗೆ ಅಪ್ಪ ಇನ್ನೊಂದು ಫೋನಿನಿಂದ 8 ಸೇರಿಸುತ್ತಾರೆ. ಅಕ್ಕನ ಪ್ರೋಗ್ರಾಂ ಇಬ್ಬರಿಗೂ 100 ಅಂತ ಓದುತ್ತದೆ. ಒಂದು ಕಡೆ 105 ಬರೆಯುತ್ತದೆ. ಇನ್ನೊಂದು ಕಡೆ ಅದರ ಮೇಲೆಯೇ 108 ಬರೆಯುತ್ತದೆ. ಇರಬೇಕಾದ್ದು 113. ಅಮ್ಮನ 5 ಲೀಟರ್ ಎಲ್ಲಿ? ಬಿಸಿಯೂಟದ ತಟ್ಟೆ ಲೆಕ್ಕ ಬರೆಯಲು ಇಬ್ಬರು ಮಾನಿಟರ್ ನಿಂತ ದಿನ ನಮ್ಮಲ್ಲೂ ಹೀಗೇ ಆಗಿತ್ತು, ನೆನಪಿದೆಯಾ? ಇದಕ್ಕೆ ಅಕ್ಕ ಕಂಡುಕೊಂಡ ದಾರಿ ಏನೆಂದರೆ, ಪ್ರೋಗ್ರಾಂ ತಾನೇ ಓದಿ ಕೂಡಿ ಬರೆಯುವ ಬದಲು "ಇರುವುದಕ್ಕೆ 5 ಸೇರಿಸು" ಅಂತ ಡೇಟಾಬೇಸಿಗೇ ಹೇಳುವುದು. ಅದು ಒಬ್ಬರದು ಮುಗಿಸಿಯೇ ಇನ್ನೊಬ್ಬರದು ತೆಗೆದುಕೊಳ್ಳುತ್ತದೆ.

ರಾತ್ರಿ ಅಮ್ಮನ ಫೋನು, ಅಪ್ಪನ ಫೋನು ಎರಡನ್ನೂ ಹಿಡಿದು ನಾನು ಮತ್ತು ಅಕ್ಕ ಒಂದು, ಎರಡು, ಮೂರು ಅಂತ ಎಣಿಸಿ ಒಟ್ಟಿಗೆ ಒತ್ತಿದೆವು. 113 ಬಂತು. ಒಂದು ಸಲ ಬಂದರೆ ಸಾಲದು ಅಂತ ಅಕ್ಕ ಇಪ್ಪತ್ತು ಸಲ ಒತ್ತಿಸಿದಳು. ಪ್ರತಿ ಸಲ ಲೆಕ್ಕ ಸರಿ ಬಂತು. ಅವಳು ನೋಟ್‌ಬುಕ್ ತೆಗೆದು ಎಡಗಡೆ ಆ ಸರ್ ಕೇಳಿದ ಪ್ರಶ್ನೆ ಬರೆದಳು, ಬಲಗಡೆ ಉತ್ತರ ಬರೆದಳು.

ಅಕ್ಕ ಬರುವ ಶನಿವಾರ ಊರಿಗೆ ಬರುತ್ತಾಳೆ. ಸರ್ವರ್ ಬಗ್ಗೆ ಯಾರಿಗಾದರೂ ಪ್ರಶ್ನೆ ಇದ್ದರೆ ಚೀಟಿಯಲ್ಲಿ ಬರೆದು ನನ್ನ ಹತ್ತಿರ ಕೊಡಿ. ಹೆಸರು ಸರಿಯಾಗಿ ಬರೆಯಿರಿ.

7ನೇ ತರಗತಿ