ಹಗುರ ಅಡ್ವೆಂಚರ್ ಬೈಕ್: ಸವಾರರ ನಿರೀಕ್ಷೆ ಮತ್ತು ಮಾರುಕಟ್ಟೆಯ ಲೆಕ್ಕ

ದ್ವಿಚಕ್ರ ವಾಹನಗಳ ವಹಿವಾಟಿನಲ್ಲಿ ಅಡ್ವೆಂಚರ್ ಬೈಕ್ ಎಂಬ ವರ್ಗವು ನಮ್ಮ ದೇಶದಲ್ಲಿ ನೆಲೆಯೂರತೊಡಗಿದ್ದು 2016ರಲ್ಲಿ, ರಾಯಲ್ ಎನ್‌ಫೀಲ್ಡ್ ಸಂಸ್ಥೆಯು 411 ಸಿ.ಸಿ. ಸಾಮರ್ಥ್ಯದ ಹಿಮಾಲಯನ್ ಅನ್ನು ಮಾರುಕಟ್ಟೆಗೆ ತಂದ ಮೇಲೆ. ಹೆದ್ದಾರಿಯಲ್ಲಿ ದಿನವಿಡೀ ಓಡಬೇಕು, ಹೆದ್ದಾರಿ ಬಿಟ್ಟ ಮೇಲೆ ಕಲ್ಲುಮಣ್ಣಿನ ದಾರಿಗೂ ಹಿಂಜರಿಯಬಾರದು ಎಂಬುದು ಈ ವರ್ಗದ ಉದ್ದೇಶ. ಅಂದಿನಿಂದ ಮಾದರಿಗಳು ಹೆಚ್ಚಿವೆ, ಎಂಜಿನ್‌ಗಳ ಶಕ್ತಿ ಹೆಚ್ಚಿದೆ, ಬೆಲೆಯೂ ಹೆಚ್ಚಿದೆ. ಆದರೆ ಮಣ್ಣಿನ ದಾರಿಯನ್ನು ನಿಜವಾಗಿ ತುಳಿಯುವ ಸವಾರರ ಬೇಡಿಕೆ ಮಾತ್ರ ಬದಲಾಗಿಲ್ಲ. ಇನ್ನಷ್ಟು ವೇಗ ಬೇಡ, ಇನ್ನಷ್ಟು ಹಗುರವಾದ ಬೈಕ್ ಕೊಡಿ ಎಂಬುದೇ ಆ ಬೇಡಿಕೆ.

ಇದು ಕೇವಲ ಹವ್ಯಾಸಿಗಳ ಮಾತು, ವ್ಯಾಪಾರಕ್ಕೆ ಸಂಬಂಧಿಸಿದ್ದಲ್ಲ ಎಂದು ನಮ್ಮ ಸದಸ್ಯರಲ್ಲಿ ಕೆಲವರಿಗೆ ಅನ್ನಿಸಬಹುದು. ಹಾಗೆ ಅನ್ನಿಸುವವರು ಹೊಳಲ್ಕೆರೆ ಸೀಮೆಯ ದಾರಿಗಳನ್ನು ಒಮ್ಮೆ ನೆನೆಯಬೇಕು. ಚಿತ್ರದುರ್ಗದಿಂದ ಶಿವಮೊಗ್ಗಕ್ಕೆ ಸಾಗುವ ರಾಷ್ಟ್ರೀಯ ಹೆದ್ದಾರಿ ನಮ್ಮ ಪಟ್ಟಣವನ್ನು ಹಾದುಹೋಗುತ್ತದೆ. ಅದರಿಂದ ತುಸು ಒಳಕ್ಕೆ ಸರಿದರೆ ಡಾಂಬರು ಮುಗಿದು ಬಂಡಿಜಾಡು ಆರಂಭವಾಗುತ್ತದೆ. ಒಂದೆಡೆ ಕೆಂಪು ಜಲ್ಲಿ, ಇನ್ನೊಂದೆಡೆ ಮಳೆ ಬಿದ್ದರೆ ಚಕ್ರಕ್ಕೆ ಮೆತ್ತಿಕೊಳ್ಳುವ ಎರೆಮಣ್ಣು, ಅಡಿಕೆ ತೋಟದೊಳಗೆ ಹೊಕ್ಕರೆ ನೀರುಗಾಲುವೆ ಮತ್ತು ಬದು. ಗುಡ್ಡಗಳ ಮೇಲೆ ಗಾಳಿಯಂತ್ರಗಳಿಗೆ ಹೋಗಲು ಮಾಡಿದ ಕಡಿದಾದ ಮಣ್ಣುದಾರಿಗಳಿವೆ. ಭೀಮಸಮುದ್ರದ ಸುತ್ತಿನಲ್ಲಿ ಅದಿರಿನ ಟಿಪ್ಪರ್‌ಗಳು ಹಾಯ್ದ ರಸ್ತೆಗಳ ಸ್ಥಿತಿಯನ್ನು ಇಲ್ಲಿ ಬಣ್ಣಿಸಬೇಕಿಲ್ಲ. ಇಂತಹ ದಾರಿಯಲ್ಲಿ ದಿನನಿತ್ಯ ಓಡಾಡುವವನು ರೈತ, ಪಂಪ್‌ಸೆಟ್ ರಿಪೇರಿಯವನು, ಗಾಳಿಯಂತ್ರದ ತಂತ್ರಜ್ಞ, ಹಾಲು ಸಂಗ್ರಹಿಸುವವನು. ಇವರಾರೂ ತಮ್ಮನ್ನು ಸಾಹಸಿಗಳೆಂದು ಕರೆದುಕೊಳ್ಳುವುದಿಲ್ಲ.

ತೂಕವನ್ನು ನಮ್ಮ ಮಂಡಿಯ ಭಾಷೆಯಲ್ಲೇ ಹೇಳುವುದಾದರೆ, 2023ರ ನವೆಂಬರ್‌ನಲ್ಲಿ ಬಿಡುಗಡೆಯಾದ ಹೊಸ ಹಿಮಾಲಯನ್ 450ರ ಇಂಧನಸಹಿತ ತೂಕ 196 ಕೆ.ಜಿ. ಅಂದರೆ ಎರಡು ಕ್ವಿಂಟಲ್‌ಗೆ ನಾಲ್ಕು ಕೆ.ಜಿ. ಕಡಿಮೆ. ಹೆದ್ದಾರಿಯಲ್ಲಿ ಈ ಭಾರ ಒಂದು ಗುಣವೇ ಸರಿ, ಅಡ್ಡಗಾಳಿಗೆ ಬೈಕ್ ಅಲುಗದು. ಆದರೆ ತೋಟದ ಕೆಸರಿನಲ್ಲಿ ಮುಂಚಕ್ರ ಜಾರಿ ಬೈಕ್ ಮಗುಚಿಕೊಂಡಿತೆನ್ನಿ. ಒಬ್ಬನೇ ಇದ್ದಾಗ ಅದನ್ನು ಒಂದು ಸಲ ಎತ್ತಬಹುದು, ಎರಡನೆಯ ಸಲವೂ ಎತ್ತಬಹುದು, ಮೂರನೆಯ ಸಲಕ್ಕೆ ಸೊಂಟ ಹಿಡಿಯುತ್ತದೆ. ಮರಳಿನಲ್ಲಿ ಭಾರದ ಬೈಕ್ ಹೂಳುತ್ತದೆ, ಇಳಿಜಾರಿನಲ್ಲಿ ಬ್ರೇಕಿಗೆ ಬಗ್ಗುವುದಿಲ್ಲ, ಕಲ್ಲಿನ ಮೇಲೆ ಅಡಿಭಾಗ ಬಡಿದಾಗ ಆಗುವ ಪೆಟ್ಟೂ ಭಾರಕ್ಕೆ ತಕ್ಕಂತೆ ಹೆಚ್ಚುತ್ತದೆ. ಜಗತ್ತಿನ ಅತಿ ಕಠಿಣವೆನಿಸಿದ ಡಕಾರ್ ರ‍್ಯಾಲಿಯಲ್ಲಿ 2011ರಿಂದ ಬೈಕ್‌ಗಳ ಎಂಜಿನ್ 450 ಸಿ.ಸಿ.ಯನ್ನು ಮೀರುವಂತಿಲ್ಲ. ಇಂಧನ ತುಂಬುವ ಮೊದಲು ಅವುಗಳ ತೂಕ 140 ಕೆ.ಜಿ.ಯ ಆಸುಪಾಸು. ಬೆಂಗಳೂರಿನ ಸಿ.ಎಸ್. ಸಂತೋಷ್ ಅವರು 2015ರಲ್ಲಿ ಆ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರೆನಿಸಿದರು. ಉಡುಪಿ ಮೂಲದ ಕೆ.ಪಿ. ಅರವಿಂದ್ ಅವರು 2019ರಲ್ಲಿ ಅದನ್ನು ಮುಗಿಸಿದರು. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ ಅದೇ ವರ್ಷ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗವನ್ನು ಗೆದ್ದರು. ಮಣ್ಣಿನ ದಾರಿಯ ಸವಾರಿಯಲ್ಲಿ ದೇಶಕ್ಕೆ ಹೆಸರು ತಂದವರಲ್ಲಿ ಇಷ್ಟು ಮಂದಿ ನಮ್ಮ ರಾಜ್ಯದವರಿದ್ದರೂ, ಅವರು ಓಡಿಸಿದಂತಹ ಹಗುರ ಬೈಕ್ ನಮ್ಮ ಶೋರೂಂಗಳಿಗೆ ಬಂದುದು ತೀರ ಅಪರೂಪ.

ಬರಲೇ ಇಲ್ಲವೆಂದರೆ ತಪ್ಪಾಗುತ್ತದೆ. 2011ರಲ್ಲಿ ಹೀರೋ ಸಂಸ್ಥೆಯು ಇಂಪಲ್ಸ್ ಎಂಬ 150 ಸಿ.ಸಿ. ಬೈಕನ್ನು ತಂದಿತ್ತು. ಎತ್ತರದ ನಿಲುವು, ಉದ್ದನೆಯ ಶಾಕ್ ಅಬ್ಸಾರ್ಬರ್, ಕೇವಲ 134 ಕೆ.ಜಿ. ತೂಕ. ಇಂದು ಸವಾರರು ಬೇಡುತ್ತಿರುವ ಗುಣಗಳಲ್ಲಿ ಹೆಚ್ಚಿನವು ಅದರಲ್ಲಿದ್ದವು. ಇಲ್ಲದ್ದು ಶಕ್ತಿ. ಸುಮಾರು 13 ಅಶ್ವಶಕ್ತಿಯ ಎಂಜಿನ್ ಹೆದ್ದಾರಿಯಲ್ಲಿ ಏದುಸಿರು ಬಿಡುತ್ತಿತ್ತು. ಮೆಚ್ಚಿದವರು ಬಹಳ, ಕೊಂಡವರು ಕಡಿಮೆ. ಕೆಲವೇ ವರ್ಷಗಳಲ್ಲಿ ಅದು ಮಾರುಕಟ್ಟೆಯಿಂದ ಮರೆಯಾಯಿತು. ಹಗುರ ಬೈಕ್ ಬೇಕೆಂದು ಗಟ್ಟಿಯಾಗಿ ಕೇಳುವವರು ಅಂಗಡಿಗೆ ಬಂದಾಗ ಬೇರೆಯದನ್ನೇ ಕೊಂಡು ಹೋಗುತ್ತಾರೆ ಎಂಬ ಅನುಮಾನ ತಯಾರಕರಲ್ಲಿ ಉಳಿದಿದ್ದರೆ ಅದಕ್ಕೆ ಈ ಅನುಭವವೇ ಕಾರಣವಿರಬಹುದು.

ಆದರೂ ಅದೇ ಸಂಸ್ಥೆ 2019ರ ಮೇ ತಿಂಗಳಲ್ಲಿ ಎಕ್ಸ್‌ಪಲ್ಸ್ 200 ಅನ್ನು ಒಂದು ಲಕ್ಷ ರೂಪಾಯಿಯ ಆಸುಪಾಸಿನ ಬೆಲೆಗೆ ತಂದಿತು. ಮುಂದೆ 21 ಅಂಗುಲದ ಸ್ಪೋಕ್ ಚಕ್ರ, ನೆಲದಿಂದ 220 ಮಿ.ಮೀ. ಎತ್ತರ, ತೂಕ 154 ಕೆ.ಜಿ. ಈ ಬಾರಿ ಜನ ಕೊಂಡರು. ಮಣ್ಣಿನ ಸವಾರಿ ಕಲಿಯುವವರಿಗೆ ಇದು ಮೊದಲ ಬೈಕ್ ಆಯಿತೆಂದರೆ ಉತ್ಪ್ರೇಕ್ಷೆಯಲ್ಲ. ಆಗಲೂ ಬಂದ ದೂರು ಹಳೆಯದೇ, ಶಕ್ತಿ ಸಾಲದು. ಅದಕ್ಕೆ ಉತ್ತರವಾಗಿ 2025ರ ಜನವರಿಯಲ್ಲಿ ಎಕ್ಸ್‌ಪಲ್ಸ್ 210 ಪ್ರಕಟವಾಯಿತು. 24.6 ಅಶ್ವಶಕ್ತಿ, ದ್ರವತಂಪಿನ ಎಂಜಿನ್, 1.76 ಲಕ್ಷ ರೂಪಾಯಿ ಆರಂಭಿಕ ಬೆಲೆ. ತೂಕ 168 ಕೆ.ಜಿ.

ಈ ಮೂರು ತೂಕಗಳನ್ನು ಒಟ್ಟಿಗಿಟ್ಟು ನೋಡಬೇಕು. 134, 154, 168. ಹಗುರವಾಗಲಿ ಎಂದು ಕೇಳುತ್ತಿರುವಾಗಲೇ ಹದಿನಾಲ್ಕು ವರ್ಷಗಳಲ್ಲಿ 34 ಕೆ.ಜಿ. ಏರಿದೆ. ಇದಕ್ಕೆ ತಯಾರಕರ ಉದಾಸೀನವೊಂದೇ ಕಾರಣವಲ್ಲ. 125 ಸಿ.ಸಿ. ಮೀರಿದ ಎಲ್ಲ ದ್ವಿಚಕ್ರ ವಾಹನಗಳಿಗೂ 2019ರ ಏಪ್ರಿಲ್‌ನಿಂದ ಎ.ಬಿ.ಎಸ್. ಕಡ್ಡಾಯವಾಯಿತು. 2020ರ ಏಪ್ರಿಲ್‌ನಿಂದ ಬಿ.ಎಸ್. 6 ಮಾನದಂಡ ಬಂದು ಸೈಲೆನ್ಸರ್ ವ್ಯವಸ್ಥೆ ಭಾರವಾಯಿತು. ದ್ರವತಂಪು ಎಂದರೆ ರೇಡಿಯೇಟರ್, ಪಂಪು, ಪೈಪು. ಇವೆಲ್ಲವನ್ನೂ ಅಗ್ಗದಲ್ಲಿ ಕೊಡಬೇಕಾದರೆ ಉಕ್ಕನ್ನೇ ಬಳಸಬೇಕು, ಅಲ್ಯೂಮಿನಿಯಂ ದುಬಾರಿ. ಅದಕ್ಕೂ ಮಿಗಿಲಾಗಿ ಕೊಳ್ಳುವವನೇ ದೊಡ್ಡ ಟ್ಯಾಂಕ್ ಬೇಕು, ಅಗಲದ ಸೀಟು ಬೇಕು, ಗಾಳಿತಡೆ ಬೇಕು ಎನ್ನುತ್ತಾನೆ. ಬೇಡಿಕೆಯ ಪಟ್ಟಿಯಲ್ಲಿ ಮೊದಲ ಸಾಲು ಹಗುರ ಎಂದಿದ್ದರೆ ಕೆಳಗಿನ ಹತ್ತು ಸಾಲು ಭಾರ ಹೆಚ್ಚಿಸುವಂಥವೇ.

ತೂಕವನ್ನು ಪಟ್ಟು ಹಿಡಿದು ಇಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಕವಾಸಕಿಯ ಕೆ.ಎಲ್.ಎಕ್ಸ್. 230 ಒಳ್ಳೆಯ ಉದಾಹರಣೆ. ತೂಕ 139 ಕೆ.ಜಿ. ಮಾತ್ರ. ಆದರೆ ಟ್ಯಾಂಕಿನಲ್ಲಿ ಹಿಡಿಯುವುದು 7.6 ಲೀಟರ್ ಪೆಟ್ರೋಲ್, ಸೀಟಿನ ಎತ್ತರ 880 ಮಿ.ಮೀ. ಸಾಧಾರಣ ಎತ್ತರದ ನಮ್ಮವನ ಎರಡೂ ಕಾಲು ಒಟ್ಟಿಗೆ ನೆಲಕ್ಕೆ ತಾಗುವುದು ಕಷ್ಟ. 2024ರ ಕೊನೆಯಲ್ಲಿ ಇಲ್ಲಿಗೆ ಬಂದಾಗ ಅದರ ಬೆಲೆ 3.30 ಲಕ್ಷ ರೂಪಾಯಿ. ದೇಶದೊಳಗಿನ ತಯಾರಿಕೆಗೆ ಮುಂದಾದ ಬಳಿಕ ಅದು ಎರಡು ಲಕ್ಷದ ಆಸುಪಾಸಿಗೆ ಇಳಿಯಿತು. ಬೈಕ್ ಅದೇ ಆದರೂ ತಯಾರಿಸುವ ಸ್ಥಳ ಬದಲಾದುದರಿಂದ ಬೆಲೆಯಲ್ಲಿ ಇಷ್ಟು ಅಂತರ ಬರುವುದಾದರೆ, ಸ್ಥಳೀಯ ಬಿಡಿಭಾಗ ಉದ್ಯಮಕ್ಕೆ ಇದರಲ್ಲಿ ಎಷ್ಟು ಅವಕಾಶವಿದೆ ಎಂಬುದನ್ನು ನಮ್ಮ ಕೈಗಾರಿಕಾ ಸದಸ್ಯರು ಊಹಿಸಬಲ್ಲರು.

ಇನ್ನು ತೆರಿಗೆಯ ವಿಚಾರ. ಸವಾರರ ನಿರೀಕ್ಷೆಗೆ ಅನಿರೀಕ್ಷಿತವಾಗಿ ಬಲ ಬಂದದ್ದು ಇಲ್ಲಿಂದಲೇ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿ.ಎಸ್.ಟಿ. ಪರಿಷ್ಕರಣೆಯಲ್ಲಿ 350 ಸಿ.ಸಿ.ವರೆಗಿನ ಬೈಕ್‌ಗಳ ತೆರಿಗೆ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಅದಕ್ಕೂ ಮೇಲ್ಪಟ್ಟವುಗಳಿಗೆ ಮೊದಲು ಸೆಸ್ ಸೇರಿ ಶೇ. 31 ಇದ್ದದ್ದು ಶೇ. 40 ಆಯಿತು. ತೆರಿಗೆಗೆ ಮುನ್ನ ಒಂದು ಲಕ್ಷ ರೂಪಾಯಿ ಬೆಲೆಯ ಎರಡು ಬೈಕ್‌ಗಳಿವೆ, ಒಂದು 350 ಸಿ.ಸಿ.ಯ ಒಳಗಿನದು, ಇನ್ನೊಂದು ಹೊರಗಿನದು ಎಂದುಕೊಳ್ಳೋಣ. ಮೊದಲು ಅವುಗಳ ನಡುವಿನ ಅಂತರ ಮೂರು ಸಾವಿರ ರೂಪಾಯಿ. ಈಗ ಇಪ್ಪತ್ತೆರಡು ಸಾವಿರ. ಸಣ್ಣ ಎಂಜಿನ್ ಸಾಮಾನ್ಯವಾಗಿ ಹಗುರ ಎಂಜಿನ್ ಆಗಿರುವುದರಿಂದ, ಸವಾರರು ಕೇಳಿ ಕೇಳಿ ಸೋತ ಕೆಲಸವನ್ನು ತೆರಿಗೆಯ ಗೆರೆ ಮಾಡಿಸುವ ಸಾಧ್ಯತೆ ಇದೆ.

ಸಾಧ್ಯತೆ ಎನ್ನಲು ಕಾರಣವುಂಟು. ಹೊಸೂರಿನ ಟಿ.ವಿ.ಎಸ್. ಸಂಸ್ಥೆಯು 2025ರ ಅಕ್ಟೋಬರ್‌ನಲ್ಲಿ ತಂದ ಅಪಾಚೆ ಆರ್.ಟಿ.ಎಕ್ಸ್. 299 ಸಿ.ಸಿ.ಯದು, ಎರಡು ಲಕ್ಷದೊಳಗಿನ ಆರಂಭಿಕ ಬೆಲೆಯದು. ಆದರೆ ತೂಕ 180 ಕೆ.ಜಿ., ಮುಂಚಕ್ರ 19 ಅಂಗುಲದ್ದು. ಹೆದ್ದಾರಿಗೆ ಹೆಚ್ಚು, ಮಣ್ಣಿಗೆ ಕಡಿಮೆ ಒಲವು ತೋರುವ ಬೈಕ್ ಅದು. ಮತ್ತೊಂದೆಡೆ ಬಿ.ಎಂ.ಡಬ್ಲ್ಯು. ಸಂಸ್ಥೆಯು ಅದೇ ವರ್ಷದ ನವೆಂಬರ್‌ನಲ್ಲಿ ಮಿಲಾನ್ ಪ್ರದರ್ಶನದಲ್ಲಿ ಅನಾವರಣಗೊಳಿಸಿದ ಎಫ್ 450 ಜಿ.ಎಸ್. 48 ಅಶ್ವಶಕ್ತಿ ಇದ್ದೂ 178 ಕೆ.ಜಿ. ತೂಗುತ್ತದೆ. ಹೊಸೂರಿನ ಟಿ.ವಿ.ಎಸ್. ಕಾರ್ಖಾನೆಯಲ್ಲೇ ತಯಾರಾಗಲೆಂದು ರೂಪಿಸಿದ ಬೈಕ್ ಅದು. ಆದರೆ ಶೇ. 40ರ ತೆರಿಗೆಯ ಗೆರೆಯಾಚೆಗಿನದು. ಶಕ್ತಿಯೂ ಇರಬೇಕು ಹಗುರವೂ ಆಗಬೇಕೆಂದರೆ ಹಣ ಹೆಚ್ಚು ತೆರಬೇಕು ಎಂಬ ನಿಯಮವನ್ನು ಇಲ್ಲಿಯವರೆಗೆ ಯಾರೂ ಮುರಿದಿಲ್ಲ.

ಹಳಬರು ಇಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯನ್ನು ನೆನೆಯುವುದು ಸಹಜ. 1996ರಲ್ಲಿ ಬಾಗಿಲು ಮುಚ್ಚಿದ ಆ ಕಾರ್ಖಾನೆಯ 250 ಸಿ.ಸಿ. ಯೆಜ್ಡಿ, ಒಂದೂವರೆ ಕ್ವಿಂಟಲ್‌ಗೂ ಕಡಿಮೆ ತೂಕದಲ್ಲಿ, ನಮ್ಮ ಹಳ್ಳಿದಾರಿಗಳಲ್ಲಿ ಎರಡು ಮೂಟೆ ಹೇರಿಕೊಂಡು ಓಡಾಡಿದೆ. ಯಾರೂ ಅದನ್ನು ಅಡ್ವೆಂಚರ್ ಎಂದು ಕರೆಯಲಿಲ್ಲ. ಹಾಗೆ ನೋಡಿದರೆ ನಮ್ಮ ಸೀಮೆಯ ನಿಜವಾದ ಮಣ್ಣುದಾರಿ ವಾಹನ ಟಿ.ವಿ.ಎಸ್. ಎಕ್ಸ್.ಎಲ್. ಮೊಪೆಡ್. ತೂಕ ಒಂದು ಕ್ವಿಂಟಲ್‌ಗೂ ಕಡಿಮೆ. ಬದುವಿನ ಮೇಲೆ ಜಾರಿದರೆ ಒಂದೇ ಕೈಯಲ್ಲಿ ಎತ್ತಿ ನಿಲ್ಲಿಸಬಹುದು, ಗೊಬ್ಬರದ ಚೀಲ ಕಾಲ ಬಳಿಯೇ ಕೂರುತ್ತದೆ. ತೋಟದ ಯಜಮಾನನ ಬಳಿ ಅದೂ ಇದೆ, ಮಗನ ಬಳಿ ಪೇಟೆಗೆಂದು ಕೊಂಡ ಭಾರದ ಬೈಕೂ ಇದೆ. ಈ ಎರಡರ ನಡುವಿನ ವಾಹನ ಮಾತ್ರ ಹೆಚ್ಚಿನ ಮನೆಗಳಲ್ಲಿ ಇಲ್ಲ. ನೂರೈವತ್ತು ಕೆ.ಜಿ.ಯೊಳಗಿನ, ಇಪ್ಪತ್ತೈದು ಅಶ್ವಶಕ್ತಿಯ, ಮೂಟೆ ಕಟ್ಟಲು ಗಟ್ಟಿ ಕ್ಯಾರಿಯರ್ ಇರುವ ಬೈಕ್ ಬಂದರೆ ಅದರ ಗಿರಾಕಿ ಬೆಂಗಳೂರಿನ ವಾರಾಂತ್ಯದ ಸವಾರನಿಗಿಂತ ಹೆಚ್ಚಾಗಿ ಈತನೇ ಎಂಬುದು ಈ ಲೇಖಕನ ಅಭಿಪ್ರಾಯ. ತಯಾರಕರ ಜಾಹೀರಾತುಗಳು ಲಡಾಖ್ ಬಿಟ್ಟು ಕೆಳಗಿಳಿಯದಿರುವುದರಿಂದ ಈ ಗಿರಾಕಿ ಅವರ ಕಣ್ಣಿಗೆ ಬಿದ್ದಂತಿಲ್ಲ.

ವಾರಾಂತ್ಯದ ಸವಾರರನ್ನು ಕಡೆಗಣಿಸಬೇಕೆಂದಲ್ಲ. ವಾಣಿ ವಿಲಾಸ ಸಾಗರ, ಚಿತ್ರದುರ್ಗದ ಕೋಟೆ ಎಂದು ಹೆದ್ದಾರಿ ಹಿಡಿದು ಬರುವವರಿಂದ ಹೋಟೆಲು, ಪೆಟ್ರೋಲ್ ಬಂಕ್‌ಗಳಿಗೆ ವ್ಯಾಪಾರವಿದೆ. ಜೋಗಿಮಟ್ಟಿ ವನ್ಯಜೀವಿಧಾಮ, ಅಲ್ಲಿ ಮನಬಂದಂತೆ ಬೈಕ್ ಹತ್ತಿಸುವ ಯೋಚನೆ ಬೇಡವೆಂದು ಅವರಿಗೆ ನಮ್ಮವರೇ ತಿಳಿಹೇಳಿದರೆ ಒಳಿತು.

ತಾಲ್ಲೂಕು ಮಟ್ಟದ ವ್ಯಾಪಾರಿಗಳು ಗಮನಿಸಬೇಕಾದದ್ದು ಬಿಡಿಭಾಗಗಳ ವಿಷಯ. ಮಣ್ಣಿನ ದಾರಿಯ ಬೈಕ್ ಬೀಳುವುದೇ ಅದರ ಸ್ವಭಾವ. ಕ್ಲಚ್ ಮತ್ತು ಬ್ರೇಕ್ ಲಿವರ್, ಕೈಗಾವಲು, ಇಂಡಿಕೇಟರ್ ಪದೇಪದೇ ಬೇಕಾಗುತ್ತವೆ. ಮುಂದಿನ 21 ಅಂಗುಲದ ಟ್ಯೂಬ್ ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಸಿಗದು. ಸ್ಪೋಕ್ ಬಿಗಿಮಾಡಿ ಚಕ್ರದ ಓರೆ ತೆಗೆಯಬಲ್ಲ ಹಿರಿಯ ಮೆಕ್ಯಾನಿಕ್‌ಗಳು ನಮ್ಮಲ್ಲಿ ಇನ್ನೂ ಇದ್ದಾರೆ. ಅಲಾಯ್ ಚಕ್ರದ ಕಾಲದಲ್ಲಿ ಕೆಲಸ ಕಲಿತ ಹುಡುಗರಿಗೆ ಆ ವಿದ್ಯೆ ದಾಟಿಸಲು ಇದು ತಕ್ಕ ಸಮಯ. ಒಂದು ಲಕ್ಷ ಮೀರಿದ ದ್ವಿಚಕ್ರ ವಾಹನಕ್ಕೆ ರಾಜ್ಯದಲ್ಲಿರುವ ಶೇ. 18ರ ಆಜೀವ ತೆರಿಗೆಯಿಂದ ರಸ್ತೆಗಿಳಿಯುವ ಹೊತ್ತಿನ ಬೆಲೆ ಎಷ್ಟಾಗುತ್ತದೆಂದು ಗಿರಾಕಿಗೆ ಮೊದಲೇ ಹೇಳುವುದು ಮಾರಾಟಗಾರನಿಗೂ ಕ್ಷೇಮ.

ಕೊಳ್ಳುವವನ ಮೊದಲ ಅಡ್ಡಿ ಬೆಲೆಗಿಂತ ಎತ್ತರ. ಸೀಟು ಎತ್ತರವೆಂದು ನೋಡಿದ ಕೂಡಲೇ ಹಿಂದೆ ಸರಿಯುವವರು, ಹತ್ತಿ ಕುಳಿತು ಬೈಕ್ ಎಷ್ಟು ಸಲೀಸಾಗಿ ವಾಲುತ್ತದೆ, ನಿಲ್ಲುತ್ತದೆ ಎಂದು ಕಂಡ ಮೇಲೆ ಮನಸ್ಸು ಬದಲಿಸುವುದುಂಟು. ಹಗುರವೆಂಬ ಗುಣ ಕರಪತ್ರದಲ್ಲಿ ಓದಿದರೆ ತಿಳಿಯುವಂಥದ್ದಲ್ಲ. ಆದುದರಿಂದ ಟೆಸ್ಟ್ ರೈಡ್‌ಗಾಗಿ ಚಿತ್ರದುರ್ಗಕ್ಕೋ ದಾವಣಗೆರೆಗೋ ಬನ್ನಿ ಎನ್ನುವ ಬದಲು, ಅಡಿಕೆಯ ಹಣ ಕೈಸೇರುವ ತಿಂಗಳುಗಳಲ್ಲಾದರೂ ಒಂದು ಬೈಕನ್ನು ಹೊಳಲ್ಕೆರೆಯ ಸಬ್ ಡೀಲರ್ ಬಳಿ ಇರಿಸುವಂತೆ ವಿತರಕರನ್ನು ಕೇಳಬಹುದು. ಅದನ್ನು ಬಸ್ ನಿಲ್ದಾಣದ ಸುತ್ತ ಒಂದು ಸುತ್ತು ಹಾಕಿಸಿ ಕಳುಹಿಸದೆ, ಗಿರಾಕಿಯ ತೋಟದವರೆಗೂ ಒಯ್ಯಲು ಬಿಡಬೇಕು.