ಸ್ಟೇರಿಂಗ್ ಹಗುರಾಯಿತು, ಆಟ ಹೋಗಲಿಲ್ಲ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲಿನ ಡಾಂಬರೂ ಜೊತೆಗೇ ಏಳುತ್ತದೆ, ಕುಸಿಯುತ್ತದೆ. ತೊಗರಿ, ಕಬ್ಬಿನ ಹೊಲಗಳ ದಾರಿ ಹಿಡಿಯುವ ಹಳೇ ಜೀಪಿನ ಸ್ಟೇರಿಂಗ್‌ಗೆ ಇದಕ್ಕಿಂತ ಕಠಿಣ ಪರೀಕ್ಷೆ ಬೇರೆ ಬೇಡ.

ಮಹೀಂದ್ರ ಕಂಪನಿ 1940ರ ದಶಕದ ಕೊನೆಗೆ ಭಾರತದಲ್ಲಿ ಜೋಡಿಸತೊಡಗಿದ ವಿಲ್ಲಿಸ್ ಜೀಪಿನ ಸ್ಟೇರಿಂಗ್ ಪೂರ್ತಿ ತೋಳ್ಬಲದ್ದು. ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ 1926ರಲ್ಲೇ ಪವರ್ ಸ್ಟೇರಿಂಗ್ ತಯಾರಿಸಿ ತೋರಿಸಿದ್ದರೂ, ಮಾರುಕಟ್ಟೆಯ ಕಾರಿಗೆ ಅದು ಬಂದದ್ದು 1951ರ ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ಈಗ ಹಳೇ ಜೀಪುಗಳಿಗೂ ಅದನ್ನು ಕೂಡಿಸುವವರಿದ್ದಾರೆ. ಒಂದೇ ಬೆರಳಲ್ಲಿ ತಿರುಗುವ ಚಕ್ರ ಕಂಡು ಖುಷಿಯಾಗುತ್ತದೆ. ಆದರೆ ಹೆದ್ದಾರಿಗೆ ಬಂದ ಕೂಡಲೇ ಗಾಡಿ ಆಚೀಚೆ ಎಳೆಯತೊಡಗುತ್ತದೆ. ಮಾಲೀಕರು ಹೊಸ ಸ್ಟೇರಿಂಗ್ ಬಾಕ್ಸನ್ನೇ ಬೈಯುತ್ತಾರೆ.

ತಪ್ಪು ಹೆಚ್ಚಾಗಿ ಅಲ್ಲಿರುವುದಿಲ್ಲ. ಚಾಲಕ ಚಕ್ರ ತಿರುಗಿಸಿದಾಗ ಬಾಕ್ಸಿನೊಳಗಿನ ಸಣ್ಣ ಉಕ್ಕಿನ ಸರಳು ತುಸು ತಿರುಚಿಕೊಳ್ಳುತ್ತದೆ. ಆ ತಿರುಚಿಗೆ ಕವಾಟ ತೆರೆದು, ಪಂಪಿನ ಎಣ್ಣೆ ಪಿಸ್ಟನ್ನನ್ನು ತಳ್ಳುತ್ತದೆ. ಬಲ ಬರುವುದು ಎಣ್ಣೆಯಿಂದ, ಕೈಯಿಂದಲ್ಲ. ಹಿಂದೆ ಚಕ್ರದ ಭಾರ ಮತ್ತು ಘರ್ಷಣೆ ಮುಚ್ಚಿಟ್ಟಿದ್ದ ಸವೆತವೆಲ್ಲ, ಭಾರ ಇಳಿದ ಮೇಲೆ 'ಆಟ'ವಾಗಿ, ಅಂದರೆ ಗಾಲಿ ಅಲುಗದೆ ಚಕ್ರವಷ್ಟೇ ತಿರುಗುವ ಸಡಿಲಾಗಿ, ಕೈಗೆ ಸಿಗುತ್ತದೆ.

ಈ ಆಟ ಹುಡುಕಲು ಇಬ್ಬರು ಬೇಕು. ಗಾಡಿ ಸಮನೆಲದಲ್ಲಿ ನಿಂತಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಗಾಲಿಗೆ ಅಡ್ಡ ಕಟ್ಟೆ ಇರಲಿ, ಎಂಜಿನ್ ಚಾಲೂ ಇರಲಿ. ಒಬ್ಬರು ಚಕ್ರವನ್ನು ಒಂದೆರಡು ಇಂಚು ಆಚೀಚೆ ಅಲ್ಲಾಡಿಸಬೇಕು. ಇನ್ನೊಬ್ಬರು ಮೊದಲು ಕಾಲಂನ ಜಾಯಿಂಟ್, ಆಮೇಲೆ ಪಿಟ್‌ಮನ್ ಆರ್ಮ್, ಡ್ರ್ಯಾಗ್ ಲಿಂಕ್, ಟೈ ರಾಡ್ ಎಂಡ್, ಕಿಂಗ್ ಪಿನ್ ಹೀಗೆ ಚಕ್ರದಿಂದ ಗಾಲಿಯವರೆಗಿನ ಒಂದೊಂದು ಕೊಂಡಿಯನ್ನೂ ಬೆರಳಿಟ್ಟು ನೋಡಬೇಕು. ಒಂದು ತುದಿ ಅಲುಗಿ ಮತ್ತೊಂದು ತುದಿ ತಡವಾಗಿ ಅಲುಗಿದರೆ ಆಟ ಅಲ್ಲೇ ಇದೆ. ಬೆರಳಿಗೆ ಸಣ್ಣ 'ಟಕ್' ತಾಕುತ್ತದೆ. ಬಾಕ್ಸ್ ಕೂತಿರುವ ಚಾಸಿಯ ಬ್ರಾಕೆಟ್ಟನ್ನೂ ತೊಳೆದು ನೋಡಬೇಕು: ಎಣ್ಣೆಯ ಒತ್ತಡಕ್ಕೆ ಅದೇ ಬಾಗುತ್ತಿದ್ದರೆ, ಬಿರುಕು ಬಿಟ್ಟಿದ್ದರೆ, ಯಾವ ಜಾಯಿಂಟ್ ಬದಲಿಸಿಯೂ ಪ್ರಯೋಜನವಿಲ್ಲ.

ಇನ್ನೊಂದು ಕಾರಣ ಬಾಕ್ಸಿನ ನಡು. ನೇರ ಓಟದಲ್ಲಿ ಹಲ್ಲುಗಳು ಬಿಗಿಯಾಗಿ, ತಿರುವಿನಲ್ಲಿ ಸಡಿಲವಾಗಿ ಕೂಡುವಂತೆ ಬಾಕ್ಸ್ ಮಾಡಿರುತ್ತಾರೆ. ಅದನ್ನು ನಡುವಿನಿಂದ ಸರಿಸಿ ಕೂಡಿಸಿದರೆ ನೇರ ರಸ್ತೆಯಲ್ಲೇ ಆಟ. ಲಾಕ್‌ನಿಂದ ಲಾಕ್‌ವರೆಗೆ ಸುತ್ತು ಎಣಿಸಿ, ಅರ್ಧಕ್ಕೆ ನಿಲ್ಲಿಸಿ, ಆಮೇಲೆ ಡ್ರ್ಯಾಗ್ ಲಿಂಕಿನ ಉದ್ದ ಹೊಂದಿಸಬೇಕು.

ಕ್ಯಾಸ್ಟರ್ ಕೋನವನ್ನು, ಅಂದರೆ ಮುಂದಿನ ಗಾಲಿ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನವನ್ನು, ಬಹಳ ಜನ ಮರೆಯುತ್ತಾರೆ. ತೋಳ್ಬಲದ ಸ್ಟೇರಿಂಗ್ ಹಗುರಾಗಲಿ ಎಂದು ಹಳೇ ಗಾಡಿಗಳಲ್ಲಿ ಅದನ್ನು ಕಡಿಮೆ ಇಡುವುದುಂಟು. ಪವರ್ ಬಂದ ಮೇಲೆ ಆ ಚೌಕಾಸಿ ಬೇಡ. ಕಂಪನಿ ಹೇಳಿದ ಮಿತಿಯೊಳಗೆ ಕ್ಯಾಸ್ಟರ್ ಏರಿಸಿದರೆ ಗಾಲಿ ತಾನಾಗಿ ನೇರಕ್ಕೆ ಮರಳುತ್ತದೆ, ಗಾಡಿ ಅಲೆಯುವುದಿಲ್ಲ.

ಇಷ್ಟೆಲ್ಲ ಬಿಟ್ಟು ಬಾಕ್ಸಿನ ಮೇಲಿನ ಸ್ಕ್ರೂ ಬಿಗಿಯುವುದೇ ಎಲ್ಲರ ಮೊದಲ ಕೆಲಸ. ಅದು ಕೊನೆಯ ಕೆಲಸವಾಗಬೇಕು. ಅತಿಯಾದರೆ ಹಲ್ಲು ಸವೆಯುತ್ತದೆ, ತಿರುವಿನ ನಂತರ ಚಕ್ರ ಹಿಂದಿರುಗುವುದೇ ನಿಲ್ಲುತ್ತದೆ.

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 98ನೇ ನಿಯಮದಂತೆ ಚಕ್ರದ ಆಟ 30 ಡಿಗ್ರಿ ಮೀರಬಾರದು. ಬಾಲ್ ಜಾಯಿಂಟ್‌ಗಳಿಗೆ ರಬ್ಬರ್ ಟೋಪಿ ಇರಲೇಬೇಕು. 40 ಸೆಂಟಿಮೀಟರ್ ವ್ಯಾಸದ ಚಕ್ರದ ಅಂಚಿನಲ್ಲಿ 30 ಡಿಗ್ರಿ ಎಂದರೆ ಹತ್ತೂವರೆ ಸೆಂಟಿಮೀಟರ್. ಅಷ್ಟು ತಿರುಗಿಸಿದರೂ ಗಾಲಿ ಅಲುಗದ ಜೀಪನ್ನು ರಸ್ತೆಗೆ ಇಳಿಸಬೇಡಿ.