ಬಾಣಂತಿಯ ಸಮ್ಮತಿ: ಹೆರಿಗೆಯ ನಂತರದ ವಂಕಿ ಮತ್ತು ಪಾಲಕರ ಹೊಣೆ

ಹೆರಿಗೆಯಾದ ಕೂಡಲೇ ಆಸ್ಪತ್ರೆಯಲ್ಲಿ ಅಳವಡಿಸುವ ವಂಕಿಯನ್ನು, ಅಂದರೆ ಕಾಪರ್-ಟಿಯನ್ನು, ಕ್ರೈಸ್ತ ತಾಯಿಯೊಬ್ಬಳು ಶುದ್ಧ ಮನಸ್ಸಾಕ್ಷಿಯಿಂದ ಒಪ್ಪಿಕೊಳ್ಳಬಹುದೇ? ಯಾದಗಿರಿ, ಶಹಾಪುರ, ಸುರಪುರ ಭಾಗದ ಸಭೆಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಆರಾಧನೆಯ ನಡುವೆ ಎದ್ದುನಿಂತು ಕೇಳುವುದಿಲ್ಲ. ಅದು ಪಾಲಕರನ್ನು ತಲುಪುವುದು ಮನೆಭೇಟಿಯ ಸಮಯದಲ್ಲಿ, ಹೆಚ್ಚಾಗಿ ಪಾಲಕರ ಪತ್ನಿಯ ಮೂಲಕ, ಅದೂ ಅರ್ಧ ಮಾತಿನಲ್ಲಿ. ಉತ್ತರವನ್ನೂ ಅರ್ಧ ಮಾತಿನಲ್ಲಿಯೇ ಕೊಟ್ಟು ಕಳುಹಿಸುವ ವಾಡಿಕೆ ನಮ್ಮಲ್ಲಿದೆ. ಅದು ಗರ್ಭಪಾತಕ್ಕೆ ಸಮ ಎನ್ನುವವರು ಕೆಲವರು. ಅದು ವೈದ್ಯರ ವಿಷಯ, ನಮ್ಮದಲ್ಲ ಎನ್ನುವವರು ಇನ್ನು ಕೆಲವರು. ಮೊದಲನೆಯದು ತಿಳಿಯದೆ ಕೊಟ್ಟ ತೀರ್ಪು; ಎರಡನೆಯದು ಹೊಣೆಯಿಂದ ಜಾರಿಕೊಳ್ಳುವಿಕೆ.

ಮೊದಲು ವಸ್ತುವನ್ನು ಅರಿಯೋಣ. ವಂಕಿಯೆಂಬುದು ತಾಮ್ರದ ತಂತಿ ಸುತ್ತಿದ ಸಣ್ಣ ಪ್ಲಾಸ್ಟಿಕ್ ಸಾಧನ. ಇದರಲ್ಲಿ ಹಾರ್ಮೋನು ಇಲ್ಲ. ಆದುದರಿಂದ ತಾಯಿಯ ಎದೆಹಾಲಿಗೆ ಯಾವ ಬಾಧೆಯೂ ಇಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ದೊರೆಯುವ 380ಎ ಎಂಬ ಬಗೆಯು 10 ವರ್ಷ, 375 ಎಂಬುದು 5 ವರ್ಷ ಕೆಲಸಮಾಡುತ್ತದೆ. ಬೇಡವೆನಿಸಿದಾಗ ತೆಗೆಸಿದರೆ ಗರ್ಭಧಾರಣೆಯ ಶಕ್ತಿ ಬೇಗನೆ ಮರಳುತ್ತದೆ. ಮಾಸು ಬಿದ್ದ 10 ನಿಮಿಷದೊಳಗೆ, ಸಿಸೇರಿಯನ್ ಆದರೆ ಅದೇ ವೇಳೆಯಲ್ಲಿ, ಇಲ್ಲವೇ 48 ಗಂಟೆಯೊಳಗೆ ಇದನ್ನು ಅಳವಡಿಸುತ್ತಾರೆ. ಆ ಅವಧಿ ಮೀರಿದರೆ ಆರು ವಾರ ಕಾಯಬೇಕು. ಮೊದಲ ವರ್ಷದಲ್ಲಿ ಇದನ್ನು ಮೀರಿ ಗರ್ಭ ನಿಲ್ಲುವುದು ನೂರರಲ್ಲಿ ಒಬ್ಬರಿಗಿಂತ ಕಡಿಮೆ.

ತೊಂದರೆಗಳನ್ನು ಮರೆಮಾಚಬಾರದು. ಮೊದಲ ಕೆಲವು ತಿಂಗಳು ಮುಟ್ಟಿನ ಸ್ರಾವ ಹೆಚ್ಚಬಹುದು, ಹೊಟ್ಟೆನೋವು ಬರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಸ್ತ್ರೀಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿರುವಾಗ ಇದು ಸಣ್ಣ ಮಾತಲ್ಲ. ಹೆರಿಗೆಯ ಬೆನ್ನಿಗೇ ಹಾಕಿದ ವಂಕಿಯು ತಾನಾಗಿ ಜಾರಿಬೀಳುವ ಸಂಭವವೂ ಆರು ವಾರದ ನಂತರ ಹಾಕಿದುದಕ್ಕಿಂತ ಹೆಚ್ಚು. ಗರ್ಭಕೋಶಕ್ಕೆ ಸೋಂಕು ತಗಲಿದ್ದರೆ, ನೆತ್ತರು ಹರಿಯುವುದು ನಿಂತಿರದಿದ್ದರೆ, ನೀರು ಒಡೆದು 18 ಗಂಟೆ ಮೀರಿದ್ದರೆ ಆಗ ಹಾಕಲೇಬಾರದು. ಇನ್ನು ವಂಕಿಯು ಎದೆಗೆ ಏರುತ್ತದೆ, ಒಳಗೇ ತುಕ್ಕು ಹಿಡಿಯುತ್ತದೆ ಎಂಬ ಮಾತುಗಳು ಭಯದಿಂದ ಹುಟ್ಟಿದವು. ಗರ್ಭಕೋಶದ ಗೋಡೆಯನ್ನು ಅದು ಚುಚ್ಚಿಹೋಗುವುದುಂಟು, ಆದರೆ ಸಾವಿರಕ್ಕೆ ಒಂದೆರಡು ಕಡೆ ಮಾತ್ರ.

ಗರ್ಭಪಾತದ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವುದು ನಮಗೆ ಸರಿಕಾಣದು. ಕಥೋಲಿಕ ಸಭೆಯು 2008ರ ‘ದಿಗ್ನಿತಾಸ್ ಪೆರ್ಸೋನೇ’ ಎಂಬ ಬೋಧನಾಪತ್ರದಲ್ಲಿ ವಂಕಿಯನ್ನು ಭ್ರೂಣವು ಗರ್ಭಕೋಶದಲ್ಲಿ ನೆಲೆಗೊಳ್ಳದಂತೆ ತಡೆಯುವ ಸಾಧನಗಳ ಸಾಲಿನಲ್ಲಿ ಇರಿಸಿದೆ. ಅದಕ್ಕೂ ಮೊದಲೇ, 1968ರ ‘ಹುಮಾನೇ ವಿತೇ’ ಎಲ್ಲ ಕೃತಕ ವಿಧಾನಗಳನ್ನೂ ನಿರಾಕರಿಸಿತ್ತು. ವೈದ್ಯಶಾಸ್ತ್ರ ಹೇಳುವುದಾದರೋ ಬೇರೆ. ತಾಮ್ರದ ಕಣಗಳು ಪುರುಷಬೀಜವನ್ನು ನಿಷ್ಕ್ರಿಯಗೊಳಿಸಿ ಫಲೀಕರಣವನ್ನೇ ತಡೆಯುತ್ತವೆ. ಇದೇ ಅದರ ಮುಖ್ಯ ಕ್ರಿಯೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ವರದಿ 1987ರಲ್ಲಿಯೇ ತಿಳಿಸಿತು. ಆದರೂ, ಫಲೀಕರಣದ ನಂತರದ ಪರಿಣಾಮ ಎಂದೂ ಇಲ್ಲವೇ ಇಲ್ಲ ಎಂದು ಖಂಡಿತವಾಗಿ ಹೇಳಲಾಗದು. ಮುಖ್ಯವಾಗಿ, ಸಂಗಮವಾದ ಮೇಲೆ ತುರ್ತು ಉಪಾಯವಾಗಿ ಹಾಕಿದಾಗ ಆ ಸಾಧ್ಯತೆಯಿದೆ. ಆಗತಾನೇ ಹೆತ್ತ ತಾಯಿಯ ಸಂಗತಿ ಹಾಗಲ್ಲ. ವಂಕಿಯು ಒಳಸೇರುವ ಗಳಿಗೆಯಲ್ಲಿ ಅಲ್ಲಿ ಯಾವ ಭ್ರೂಣವೂ ಇರುವುದಿಲ್ಲ; ಮುಂದೆ ಅದರ ಕೆಲಸ ಬಹುಮಟ್ಟಿಗೆ ಪುರುಷಬೀಜದ ಮೇಲೆ ನಡೆಯುತ್ತದೆ. ಆದಕಾರಣ ಅದನ್ನು ಗರ್ಭಪಾತವೆಂದು ಕರೆಯುವುದು ನ್ಯಾಯವಲ್ಲವೆಂದು ನಾವು ಭಾವಿಸುತ್ತೇವೆ. ಅಷ್ಟಾದರೂ ಒಬ್ಬಳ ಮನಸ್ಸಾಕ್ಷಿ ಒಪ್ಪದಿದ್ದರೆ ಅದನ್ನು ಗೌರವಿಸಬೇಕು. ಮಗುವಿಗೆ ಬರಿಯ ಎದೆಹಾಲನ್ನೇ ಕುಡಿಸುತ್ತಾ, ಮುಟ್ಟು ಮರಳದಿರುವಾಗ, ಮೊದಲ ಆರು ತಿಂಗಳು ಗರ್ಭ ನಿಲ್ಲುವುದು ಅಪರೂಪವೆಂಬುದನ್ನು ಅಂಥವಳಿಗೆ ತಿಳಿಸಬಹುದು.

ಸಭೆಗಳ ಈ ಭಿನ್ನಾಭಿಪ್ರಾಯಕ್ಕೆ ಒಂದು ವರ್ಷವನ್ನು ಗುರುತು ಮಾಡಬಹುದಾದರೆ ಅದು 1930. ಆ ವರ್ಷ ಲ್ಯಾಂಬೆತ್‌ನಲ್ಲಿ ಸೇರಿದ ಆಂಗ್ಲಿಕನ್ ಬಿಷಪರು ಕಟ್ಟುಪಾಡುಗಳೊಡನೆ ಸಂತಾನ ನಿಯಂತ್ರಣಕ್ಕೆ ಮೊದಲ ಬಾರಿ ಬಾಗಿಲು ತೆರೆದರು. ಡಿಸೆಂಬರ್ 31ರಂದು ಪೋಪ್ 11ನೆಯ ಪಯಸ್ ಅದನ್ನು ಮುಚ್ಚಿದರು. ಅದೇ ವರ್ಷ ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಡಿಸಿತು. ಸುರಪುರ, ಶಹಾಪುರಗಳು ಆಗ ನಿಜಾಮರ ಹೈದರಾಬಾದಿನಲ್ಲಿದ್ದವು.

ವಂಕಿಯ ವಿಷಯದಲ್ಲಿ ನಮ್ಮನ್ನು ಹೆಚ್ಚಾಗಿ ಕಾಡುವ ಪ್ರಶ್ನೆ ಬೇರೆಯದು. ಅದು ಹೇಗೆ ಕೆಲಸಮಾಡುತ್ತದೆ ಎಂಬುದಕ್ಕಿಂತ, ಅದಕ್ಕೆ ಒಪ್ಪಿದವರು ಯಾರು, ಯಾವಾಗ ಎಂಬುದು. ಭಾರತದಲ್ಲಿ 1965ರಲ್ಲಿ ‘ಲಿಪ್ಪೀಸ್ ಲೂಪ್’ ಎಂಬ ಸಾಧನವನ್ನು ದೊಡ್ಡ ಪ್ರಮಾಣದಲ್ಲಿ ತಂದಾಗ ಗುರಿಗಳ ಲೆಕ್ಕವೇ ಮುಖ್ಯವಾಗಿ, ನೆತ್ತರುಸ್ರಾವದಿಂದ ನರಳಿದವರ ಮಾತು ಕೇಳುವವರಿಲ್ಲವಾಯಿತು. ತುರ್ತು ಪರಿಸ್ಥಿತಿಯ ವರ್ಷಗಳ ಬಲವಂತದ ಶಸ್ತ್ರಚಿಕಿತ್ಸೆಗಳು ಆ ಗಾಯವನ್ನು ಇನ್ನೂ ಆಳಗೊಳಿಸಿದವು. ಸರ್ಕಾರ 1996ರಲ್ಲಿ ಗುರಿಗಳನ್ನು ಕೈಬಿಟ್ಟಿತು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಸಂತಾನಹರಣ ಶಿಬಿರಗಳ ವಿಷಯವಾಗಿ ತೀರ್ಪಿತ್ತು, ಸ್ತ್ರೀಯರ ತಿಳಿದುಕೊಟ್ಟ ಸಮ್ಮತಿಯನ್ನು ಎತ್ತಿಹಿಡಿಯಿತು. ಆದರೂ ಹೆರಿಗೆಯ ನಂತರದ ವಂಕಿಗೆ ಜೊತೆಗೆ ಬಂದ ಆಶಾ ಕಾರ್ಯಕರ್ತೆಗೆ ಪ್ರೋತ್ಸಾಹಧನ ಉಂಟು. ಅಲ್ಪ ಗೌರವಧನದಲ್ಲಿ ದುಡಿಯುವ ಆ ಸೋದರಿಯರನ್ನು ನಾವು ದೂಷಿಸುತ್ತಿಲ್ಲ. ಆದರೆ ನೋವು ತಿನ್ನುತ್ತಾ ಮಂಚದ ಮೇಲೆ ಮಲಗಿರುವವಳ ‘ಹ್ಞೂಂ’ ಎಂಬುದು ಸಮ್ಮತಿಯಲ್ಲ. ಗರ್ಭಿಣಿಯ ತಪಾಸಣೆಯ ತಿಂಗಳುಗಳಲ್ಲಿಯೇ ತಿಳಿಸಿ ಒಪ್ಪಿಗೆ ಪಡೆಯಬೇಕೆಂದು ಸರ್ಕಾರದ ಮಾರ್ಗಸೂಚಿಯೂ ಹೇಳುತ್ತದೆ.

2011ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡಾ 52ರಷ್ಟು, ರಾಜ್ಯದಲ್ಲೇ ಅತಿ ಕಡಿಮೆ. ಸ್ತ್ರೀಯರಲ್ಲಿ ಇನ್ನೂ ಕಡಿಮೆ. ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ಏನಿದೆಯೆಂದು ಓದಿ ಹೇಳುವವರು ಬೇಕು. ಮನೆಯಲ್ಲಿ ನಿರ್ಣಯ ಅತ್ತೆಯದು, ಗಂಡನದು. ‘ಎರಡಾದವಲ್ಲ, ಆಪರೇಷನ್ ಮಾಡಿಸಿಬಿಡು’ ಎಂಬುದು ಸುಲಭದ ಮಾತು. ರಾಜ್ಯದ ವಿವಾಹಿತ ಸ್ತ್ರೀಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರೇ, ಪುರುಷರು ಇಲ್ಲವೆನ್ನುವಷ್ಟು ಕಡಿಮೆ. ಬೇಕೆಂದಾಗ ತೆಗೆಸಬಹುದಾದ ವಂಕಿಯು ಇಪ್ಪತ್ತರ ತಾಯಿಗೆ ಕೊಡುವ ಬಿಡುವನ್ನು ಈ ಹಿನ್ನೆಲೆಯಲ್ಲಿ ಕಾಣಬೇಕು.

ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 7ನೆಯ ಅಧ್ಯಾಯದಲ್ಲಿ ಪೌಲನು ಹೆಂಡತಿಯ ದೇಹದ ಮೇಲೆ ಗಂಡನಿಗಿರುವ ಅಧಿಕಾರವನ್ನು ಹೇಳಿದ ಉಸಿರಿನಲ್ಲಿಯೇ ಗಂಡನ ದೇಹದ ಮೇಲೆ ಹೆಂಡತಿಗಿರುವ ಅಧಿಕಾರವನ್ನೂ ಹೇಳುತ್ತಾನೆ. ಅಗಲಿರುವುದಕ್ಕೂ ಇಬ್ಬರ ಸಮ್ಮತಿ ಬೇಕೆನ್ನುತ್ತಾನೆ. ಆ ಕಾಲದ ಲೋಕಕ್ಕೆ ಮೊದಲನೆಯ ಮಾತು ಹೊಸದಲ್ಲ, ಎರಡನೆಯದು ಹೊಸದು. ನಮ್ಮ ವಿವಾಹಪೂರ್ವ ಬೋಧನೆಯಲ್ಲಿ ಮೊದಲನೆಯದೇ ಹೆಚ್ಚು ಕೇಳಿಬರುತ್ತದೆ. ಆದಿಕಾಂಡದ ಅಭಿವೃದ್ಧಿಯ ಆಶೀರ್ವಾದವೂ ಗಂಡುಹೆಣ್ಣು ಇಬ್ಬರಿಗೂ ಒಟ್ಟಿಗೆ ಬಂದದ್ದು.

ಹೀಗಿರಲು ಪಾಲಕರು ಮಾಡಬೇಕಾದ ಕೆಲಸ ಹೆರಿಗೆಗೆ ಮುಂಚೆ ಇದೆ. ಏಳನೆಯ ತಿಂಗಳಿನೊಳಗೆ ಒಮ್ಮೆ ಗಂಡಹೆಂಡಿರನ್ನು ಕೂಡಿಸಿ ಮಾತನಾಡುವುದು. ಸೊಸೆ ತನ್ನಷ್ಟಕ್ಕೆ ಮಾತನಾಡಲು ನರ್ಸಮ್ಮನೊಡನೆ ಬಿಡುವು ಮಾಡಿಕೊಡುವುದು. ಅವಳು ಹೇಳಿದ ಮಾತನ್ನು ಅತ್ತೆಯ ಕಿವಿಗೆ ಮುಟ್ಟಿಸದಿರುವುದು. ವಂಕಿಗೆ ಗಂಡನ ಸಹಿ ಕಾನೂನಿಗೆ ಬೇಕಿಲ್ಲ ಎಂಬುದೂ ಪಾಲಕರಿಗೆ ತಿಳಿದಿರಲಿ. ಹಾಕಿಸಿಕೊಂಡ ಮೇಲೆ ಆರು ವಾರದ ಹೊತ್ತಿಗೆ ಒಮ್ಮೆ ತೋರಿಸಬೇಕು; ಆದರೆ ಈ ಭಾಗದ ಎಷ್ಟೋ ಕುಟುಂಬಗಳು ಅಷ್ಟರೊಳಗೆ ಬೆಂಗಳೂರಿಗೋ ಪುಣೆಗೋ ಮುಂಬಯಿಗೋ ಗುಳೆ ಹೊರಟಿರುತ್ತವೆ. ಆಸ್ಪತ್ರೆಯವರು ಕೊಟ್ಟ ಕಾರ್ಡಿನಲ್ಲಿ ವಂಕಿಯ ಬಗೆ, ಹಾಕಿದ ದಿನ, ತೆಗೆಸಬೇಕಾದ ವರ್ಷ ಇರುತ್ತವೆ. ಹೊರಡುವ ಕುಟುಂಬಕ್ಕಾಗಿ ಪ್ರಾರ್ಥಿಸಲು ಹೋದವರು ಆ ಕಾರ್ಡು ಗಂಟಿನಲ್ಲಿದೆಯೇ ಎಂದು ವಿಚಾರಿಸಲಿ. ಜ್ವರ ಬಂದರೆ, ನೆತ್ತರು ಹೆಚ್ಚು ಹೋದರೆ, ದಾರ ಸಿಗದಿದ್ದರೆ, ಅಥವಾ ತೆಗೆಸಬೇಕೆನಿಸಿದರೆ ಊರಿಗೇ ಮರಳಬೇಕಿಲ್ಲ, ಅಲ್ಲಿಯ ಸರ್ಕಾರಿ ಆಸ್ಪತ್ರೆಗೆ ಹೋದರೆ ಸಾಕೆಂದು ತಿಳಿಸಲಿ.